ತಂತ್ರಾಂಶ ಉಚಿತ, ಪ್ರಕರಣ ಯಾರದು?

(ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಶಿಕ್ಷಕರು, ವಿದ್ಯಾರ್ಥಿಗಳ ಮುಂದೆ ಮಾವಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ಇವತ್ತಿನ ವಿಷಯಕ್ಕೆ ಪ್ರಕರಣ ಆಧಾರಿತ ತರ್ಕ ಎಂದು ಹೆಸರು. ಹೆಸರು ಭಾರ, ಸಂಗತಿ ಹಗುರ. ಹೊಸದೊಂದು ತೊಂದರೆ ಎದುರಾದಾಗ ಸೂತ್ರ ಹುಡುಕಲು ಹೋಗದೆ, ಹಿಂದೆ ನಡೆದ ಅಂಥದೇ ಪ್ರಸಂಗವನ್ನು ನೆನಪಿಗೆ ತಂದುಕೊಂಡು, ಅಂದು ಮಾಡಿದ್ದನ್ನು ಇಂದಿಗೆ ಹೊಂದಿಸಿಕೊಳ್ಳುವ ಕ್ರಮ ಇದು. ವಕೀಲರು ಹಳೆಯ ತೀರ್ಪನ್ನು ಮುಂದಿಟ್ಟು ವಾದಿಸುವುದು, ವೈದ್ಯರು ಹಿಂದಿನ ರೋಗಿಯ ಲಕ್ಷಣ ನೆನೆದು ಈ ರೋಗಿಗೆ ಔಷಧ ಬರೆಯುವುದು, ದೋಣಿಯ ಇಂಜಿನ್ ರಿಪೇರಿಯವನು ಸದ್ದು ಕೇಳಿಯೇ ಕೆಟ್ಟ ಭಾಗ ಹೇಳುವುದು, ಎಲ್ಲವೂ ಇದೇ ಬಗೆಯ ಯೋಚನೆ. ಇದನ್ನು ಗಣಕಕ್ಕೆ ಕಲಿಸಬಹುದೆಂಬ ವಿಚಾರಕ್ಕೆ ನಾಲ್ಕು ದಶಕ ದಾಟಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೋಜರ್ ಶಾಂಕ್ 1982ರಲ್ಲಿ ಮನುಷ್ಯನ ನೆನಪಿನ ಕುರಿತು ಬರೆದ ಪುಸ್ತಕದಲ್ಲಿ ಅದರ ಬೀಜವಿತ್ತು. ಅವರ ಶಿಷ್ಯೆ ಜಾನೆಟ್ ಕೊಲೊಡ್ನರ್ ಒಬ್ಬ ವಿದೇಶಾಂಗ ಸಚಿವರ ಪ್ರವಾಸ, ಭೇಟಿಗಳನ್ನು ನೆನಪಿಟ್ಟುಕೊಂಡು ಪ್ರಶ್ನೆಗಳಿಗೆ ಉತ್ತರಿಸುವ ‘ಸೈರಸ್’ ಎಂಬ ಕ್ರಮವಿಧಿಯನ್ನು ಕಟ್ಟಿದರು. 1994ರಲ್ಲಿ ಆಗ್ನರ್ ಆಮೊಟ್ ಮತ್ತು ಎನ್ರಿಕ್ ಪ್ಲಾಸಾ ಈ ಕೆಲಸವನ್ನು ನಾಲ್ಕು ಹೆಜ್ಜೆಗಳಾಗಿ ಬಿಡಿಸಿಟ್ಟರು: ಹೋಲುವ ಹಳೆಯ ಪ್ರಕರಣವನ್ನು ಹುಡುಕು, ಅದರ ಪರಿಹಾರವನ್ನು ಬಳಸು, ಹೊಂದದಿದ್ದಲ್ಲಿ ತಿದ್ದು, ಹೊಸ ಅನುಭವವನ್ನು ಮುಂದಿನವರಿಗಾಗಿ ಉಳಿಸು. ಈ ವಿದ್ಯೆಯ ಬಹುಪಾಲು ತಂತ್ರಾಂಶಗಳು ಇಂದಿಗೂ ಇದೇ ನಾಲ್ಕು ಹೆಜ್ಜೆಯಲ್ಲಿ ನಡೆಯುತ್ತವೆ.

ಇಂಥ ತಂತ್ರಾಂಶವನ್ನು ಯಾರೂ ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ. ಮ್ಯಾಡ್ರಿಡ್‌ನ ಕಾಂಪ್ಲುಟೆನ್ಸೆ ವಿಶ್ವವಿದ್ಯಾಲಯದವರು ಕಟ್ಟಿದ ಜೆಕೊಲಿಬ್ರಿ ಇದೆ. ಜರ್ಮನಿಯ ಕೃತಕ ಬುದ್ಧಿಮತ್ತೆ ಸಂಶೋಧನಾ ಕೇಂದ್ರ ಆರಂಭಿಸಿದ, ಕೋಡ್ ಬರೆಯದೆಯೇ ಹೋಲಿಕೆಯ ಅಳತೆಗಳನ್ನು ತೆರೆಯ ಮೇಲೆ ಜೋಡಿಸಬಹುದಾದ ಮೈಸಿಬಿಆರ್ ಇದೆ. ಎರಡೂ ಮುಕ್ತ ಪರವಾನಗಿಯವು. ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ಬದಲಿಸಬಹುದು, ಪಕ್ಕದ ಶಾಲೆಗೆ ಪೆನ್ ಡ್ರೈವ್‌ನಲ್ಲಿ ಕೊಡಬಹುದು. ಹಾಗಿದ್ದ ಮೇಲೆ ಇದರ ಬಗ್ಗೆ ಉಪನ್ಯಾಸ ಯಾಕೆ ಎಂದು ಕೇಳಬಹುದು. ನಾನು ಹೇಳಹೊರಟಿರುವುದು ಇಷ್ಟು: ಉಚಿತ ತಂತ್ರಾಂಶವನ್ನು ಹಂಚುವುದು ಈ ಕೆಲಸದ ಸಣ್ಣ ಭಾಗ, ಅರ್ಧಕ್ಕಿಂತಲೂ ಸಣ್ಣದು. ತಂತ್ರಾಂಶದೊಳಗೆ ತುಂಬಬೇಕಾದ ಪ್ರಕರಣಗಳು ಯಾರ ಕೈಯಲ್ಲಿವೆ, ಯಾವ ಭಾಷೆಯಲ್ಲಿವೆ, ಅವನ್ನು ಬರೆದವರು ಯಾರು ಎಂಬುದು ದೊಡ್ಡ ಭಾಗ. ಪ್ರಕರಣಗಳನ್ನು ತರಗತಿಯೇ ಬರೆದು, ಕನ್ನಡದಲ್ಲೇ ಇಟ್ಟು, ತಂತ್ರಾಂಶದಷ್ಟೇ ಮುಕ್ತವಾಗಿ ಹಂಚದಿದ್ದರೆ ನಾವು ಶಾಲೆಗಳಿಗೆ ಕೊಡುವುದು ಖಾಲಿ ಕಪಾಟನ್ನು. ಗಣಕ ಪ್ರಯೋಗಾಲಯಗಳಲ್ಲಿ ಅಂಥ ಕಪಾಟುಗಳಿಗೆ ಈಗಾಗಲೇ ಕೊರತೆಯಿಲ್ಲ.

ಮಾತು ಗಾಳಿಯಲ್ಲಿ ತೇಲದಿರಲೆಂದು ನಮ್ಮ ಜಿಲ್ಲೆಯ ಬೆಳೆಯೊಂದನ್ನೇ ಹಿಡಿದು ನೋಡೋಣ. ಅಡಿಕೆ ತೋಟದಲ್ಲಿ ಮಳೆಗಾಲದ ನಡುವೆ ಎಳೆ ಕಾಯಿ ಉದುರತೊಡಗುತ್ತದೆ. ಕಾರಣ ಒಂದೇ ಇರಬೇಕೆಂದಿಲ್ಲ. ತೊಟ್ಟಿನ ಬಳಿ ನೀರು ತುಂಬಿದಂಥ ಕಲೆ ಮೂಡಿ, ಉದುರಿದ ಕಾಯಿಗೆ ಬಿಳಿ ಬೂಸ್ಟು ಹತ್ತಿದ್ದರೆ ಅದು ಕೊಳೆರೋಗ. ಕಾಯಿ ಸೀಳಿ ಉದುರಿದ್ದರೆ ಅಂಡೊಡಕ, ಅದಕ್ಕೆ ಬಸಿಗಾಲುವೆಯ ದೋಷ ಕಾರಣವಿರಬಹುದು. ತಿಗಣೆ ಚುಚ್ಚಿದ ಕಾಯಿಯ ಲಕ್ಷಣ ಬೇರೆ. ಅನುಭವಸ್ಥ ತೋಟಿಗರು, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಇದನ್ನು ನೋಡಿದೊಡನೆ ಹೇಳುತ್ತಾರೆ. ಹೇಗೆ ಗೊತ್ತಾಯಿತೆಂದು ಕೇಳಿದರೆ ನಿಯಮ ಹೇಳುವುದಿಲ್ಲ, ಆ ವರ್ಷ ಆ ತೋಟದಲ್ಲಿ ಹೀಗೇ ಆಗಿತ್ತು ಎನ್ನುತ್ತಾರೆ. ಆ ಉತ್ತರವೇ ಒಂದು ಪ್ರಕರಣ. ಅದನ್ನು ತಂತ್ರಾಂಶಕ್ಕೆ ಕೊಡಬೇಕಾದರೆ ಕೋಷ್ಟಕದ ಒಂದು ಸಾಲಾಗಿ ಬರೆಯಬೇಕು: ಯಾವ ತಿಂಗಳು, ಮಳೆ ಹೇಗಿತ್ತು, ಮರದ ವಯಸ್ಸೇನು, ತೋಟ ಇಳಿಜಾರೋ ತಗ್ಗೋ, ಬಸಿಗಾಲುವೆ ಸರಿಯಿತ್ತೋ ಇಲ್ಲವೋ, ಬೋರ್ಡೋ ದ್ರಾವಣ ಎಷ್ಟು ಸಲ ಹೊಡೆದಿತ್ತು, ಅಡಿಕೆ ಗೊನೆಗೆ ಮಳೆಮರೆಯ ಕೊಟ್ಟೆ ಕಟ್ಟಿತ್ತೋ, ಕಾಯಿಯ ಮೇಲಿನ ಕಲೆ ಯಾವ ಬಗೆಯದು, ರೋಗ ಯಾವುದೆಂದು ತೀರ್ಮಾನವಾಯಿತು, ಏನು ಮಾಡಿದರು, ಗುಣವಾಯಿತೋ ಇಲ್ಲವೋ. ಇಂಥ ಹತ್ತಿಪ್ಪತ್ತು ಸಾಲು ಇದ್ದರೆ ಪ್ರಕರಣ ಕೋಶ ಆರಂಭವಾಯಿತು ಎಂದೇ ಲೆಕ್ಕ.

ಇನ್ನು ಹೋಲಿಕೆಯ ಲೆಕ್ಕ. ಏಳನೇ ತರಗತಿಯ ಗಣಿತ ಬಂದರೆ ಸಾಕು ಎಂಬುದನ್ನು ತೋರಿಸಲಿಕ್ಕಾಗಿಯೇ ಇದನ್ನು ಇಲ್ಲಿ ಬಿಡಿಸುತ್ತೇನೆ. ಮೂರೇ ಲಕ್ಷಣ ತೆಗೆದುಕೊಳ್ಳೋಣ. ಕಲೆಯ ಬಗೆಗೆ 5, ಮಳೆಗೆ 3, ಬಸಿಗಾಲುವೆಗೆ 2, ಒಟ್ಟು 10 ತೂಕ ಎಂದಿಡಿ. ಇವತ್ತು ಎದುರಿಗಿರುವ ತೋಟವನ್ನು ಮೊದಲನೆಯ ಹಳೆಯ ಪ್ರಕರಣದೊಂದಿಗೆ ಹೋಲಿಸಿದಾಗ ಕಲೆ ಪೂರ್ತಿ ಹೊಂದಿತು, ಮಳೆ ಅರ್ಧ ಹೊಂದಿತು, ಬಸಿಗಾಲುವೆ ಹೊಂದಲೇ ಇಲ್ಲ. ಐದು, ಒಂದೂವರೆ, ಸೊನ್ನೆ. ಕೂಡಿ ಹತ್ತರಿಂದ ಭಾಗಿಸಿದರೆ ಹೋಲಿಕೆ 0.65. ಎರಡನೆಯ ಪ್ರಕರಣದಲ್ಲಿ ಕಲೆ ಹೊಂದಲಿಲ್ಲ, ಮಳೆ ಮತ್ತು ಬಸಿಗಾಲುವೆ ಪೂರ್ತಿ ಹೊಂದಿದವು, ಹೋಲಿಕೆ 0.5. ಗಣಕ ಮೊದಲನೆಯದನ್ನು ಎತ್ತಿಕೊಡುತ್ತದೆ. ಈಗ ಒಬ್ಬ ವಿದ್ಯಾರ್ಥಿನಿ ಎದ್ದು, ಬಸಿಗಾಲುವೆಗೆ ಇಷ್ಟು ಕಡಿಮೆ ತೂಕ ಯಾಕೆ ಎಂದು ಕೇಳಿ, ತೂಕಗಳನ್ನು 3, 3, 4 ಎಂದು ಬದಲಿಸಿದರೆ ಮೊದಲನೆಯದು 0.45ಕ್ಕೆ ಇಳಿದು ಎರಡನೆಯದು 0.7ಕ್ಕೆ ಏರುತ್ತದೆ. ಉತ್ತರ ತಿರುಗಿಬಿತ್ತು. ಯಂತ್ರದ ತೀರ್ಮಾನದ ಹಿಂದೆ ಯಾರೋ ಇಟ್ಟ ತೂಕವಿದೆ, ಆ ತೂಕವನ್ನು ಪ್ರಶ್ನಿಸಬಹುದು, ಪ್ರಶ್ನಿಸಿದರೆ ತೀರ್ಮಾನ ಬದಲಾಗಬಹುದು ಎಂಬುದು ಒಂದು ಪೀರಿಯಡ್‌ನಲ್ಲಿ ಮಕ್ಕಳ ಕಣ್ಣಿಗೆ ಕಾಣುತ್ತದೆ. ಕೃತಕ ಬುದ್ಧಿಮತ್ತೆಯ ಕುರಿತು ಪ್ರೌಢಶಾಲೆಯಲ್ಲಿ ಕಲಿಸಬಹುದಾದ ಇದಕ್ಕಿಂತ ಮುಖ್ಯವಾದ ಪಾಠ ನನಗೆ ತೋಚುವುದಿಲ್ಲ.

ಈ ನೆಲದ ತರ್ಕಶಾಸ್ತ್ರಕ್ಕೂ ಈ ಕ್ರಮ ಹೊಸದಲ್ಲ ಎಂಬುದನ್ನು ಶಿಕ್ಷಕರು ಗಮನಿಸಬೇಕು. ನ್ಯಾಯದರ್ಶನದ ಅನುಮಾನಕ್ಕೆ ಐದು ಅವಯವ. ಪ್ರತಿಜ್ಞೆ, ಹೇತು ಹೇಳಿ ಅಲ್ಲಿಗೇ ನಿಲ್ಲುವಂತಿಲ್ಲ. ಮೂರನೆಯದಾಗಿ ಉದಾಹರಣೆ ಕೊಡಲೇಬೇಕು, ನಾಲ್ಕನೆಯದಾದ ಉಪನಯದಲ್ಲಿ ಆ ಉದಾಹರಣೆಯನ್ನು ಎದುರಿನ ಸಂಗತಿಗೆ ತಂದು ಜೋಡಿಸಬೇಕು, ಆಮೇಲೆಯೇ ನಿಗಮನ. ಬೆಟ್ಟದ ಹೊಗೆ ಕಂಡು ಬೆಂಕಿಯನ್ನು ಊಹಿಸುವವನು ಅಡುಗೆಮನೆಯನ್ನು ನಿದರ್ಶನವಾಗಿ ತೋರಿಸುತ್ತಾನೆ. ಅಷ್ಟೇ ಮುಖ್ಯವಾಗಿ, ಬೆಂಕಿಯೂ ಇಲ್ಲದ ಹೊಗೆಯೂ ಇಲ್ಲದ ಮಡುವನ್ನು ಎದುರು ನಿದರ್ಶನವಾಗಿ ತೋರಿಸುತ್ತಾನೆ. ಪ್ರಕರಣ ಕೋಶ ಕಟ್ಟುವವರು ಸಾಮಾನ್ಯವಾಗಿ ಮರೆಯುವುದು ಈ ಎರಡನೆಯದನ್ನೇ. ಗೆದ್ದ ಪ್ರಸಂಗಗಳನ್ನು ಮಾತ್ರ ಬರೆದಿಟ್ಟ ಕೋಶ ಅರ್ಧ ಕುರುಡು. ಔಷಧ ಹೊಡೆದೂ ಕಾಯಿ ಉದುರಿದ ತೋಟ, ಕೊಳೆಯೆಂದು ಭಾವಿಸಿದ್ದು ಬೇರೇನೋ ಆಗಿದ್ದ ತೋಟ, ಇವೂ ಸಾಲಾಗಿ ಕೋಷ್ಟಕಕ್ಕೆ ಬರಬೇಕು.

ಸಣ್ಣ ಕೋಶದಿಂದ ಏನಾದೀತು ಎಂಬ ಸಂಶಯಕ್ಕೆ ಕೈಗಾರಿಕೆಯಿಂದಲೇ ಉತ್ತರವಿದೆ. ಅಮೆರಿಕದ ಲಾಕ್‌ಹೀಡ್ ಕಂಪನಿಯಲ್ಲಿ ವಿಮಾನದ ಬಿಡಿಭಾಗಗಳನ್ನು ದೊಡ್ಡ ಒತ್ತಡದ ಕುಲುಮೆಯಲ್ಲಿಟ್ಟು ಬೇಯಿಸಬೇಕಿತ್ತು. ಯಾವ ಭಾಗವನ್ನು ಎಲ್ಲಿಟ್ಟರೆ ಶಾಖ ಸಮನಾಗಿ ತಾಗುತ್ತದೆ ಎಂಬುದಕ್ಕೆ ಬರೆಯಬಹುದಾದ ನಿಯಮ ಯಾರ ಬಳಿಯೂ ಇರಲಿಲ್ಲ. ಕೆಲಸಗಾರರು ಹಿಂದೆ ಸರಿಹೋಗಿದ್ದ ಜೋಡಣೆಗಳ ಚಿತ್ರ ಇಟ್ಟುಕೊಂಡು ಅದರ ಪ್ರಕಾರ ನಡೆಯುತ್ತಿದ್ದರು. ಆ ಚಿತ್ರಗಳನ್ನೇ ಪ್ರಕರಣಗಳಾಗಿ ಗಣಕಕ್ಕೆ ಕೊಟ್ಟು 1990ರ ಹೊತ್ತಿಗೆ ಕ್ಲಾವಿಯರ್ ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದರು. ಆರಂಭದಲ್ಲಿ ಅದರಲ್ಲಿದ್ದದ್ದು ಇಪ್ಪತ್ತರಷ್ಟು ಪ್ರಕರಣ. ಕೆಲಸ ನಡೆಯುತ್ತ ಹೋದಂತೆ ಕೋಶ ಬೆಳೆಯಿತು. ಲಕ್ಷಗಟ್ಟಲೆ ದತ್ತಾಂಶ ಸುರಿಯದೆ ಇವತ್ತಿನ ಯಂತ್ರಗಳು ಕಲಿಯುವುದಿಲ್ಲ ಎಂಬ ಮಾತು ಕೇಳಿ ಕೇಳಿ ನಾವು ಬೆದರಿದ್ದೇವೆ. ಒಂದು ಶಾಲೆಯ ಸುತ್ತಲಿನ ಹಳ್ಳಿಯಿಂದ ಒಂದು ಮಳೆಗಾಲದಲ್ಲಿ ಕೂಡಿಸಬಹುದಾದಷ್ಟು ಸಾಮಗ್ರಿಯಿಂದಲೇ ಹೊರಡುವ ವಿಧಾನ ಇದು. ಹಾಗಾಗಿಯೇ ತರಗತಿಗೆ ಒಗ್ಗುತ್ತದೆ.

ತರಗತಿಯಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದೂ ಉಂಟು. ಸೈರಸ್ ಕಟ್ಟಿದ ಅದೇ ಕೊಲೊಡ್ನರ್ ಮುಂದೆ ಜಾರ್ಜಿಯಾ ಟೆಕ್‌ನಲ್ಲಿದ್ದಾಗ ಆರರಿಂದ ಎಂಟನೇ ತರಗತಿಯ ವಿಜ್ಞಾನಕ್ಕೆ ಈ ತತ್ತ್ವವನ್ನು ಅಳವಡಿಸಿದರು. ಬಲ, ಚಲನೆಯ ಪಾಠಕ್ಕೆ ಮಕ್ಕಳು ಬಲೂನಿನಿಂದ ಓಡುವ ಪುಟ್ಟ ಕಾರು ಕಟ್ಟುತ್ತಿದ್ದರು. ಒಂದು ಗುಂಪಿನ ಕಾರು ಯಾಕೆ ನಿಂತಿತು, ಇನ್ನೊಂದರದ್ದು ಯಾಕೆ ಮುಂದೆ ಹೋಯಿತು ಎಂಬುದನ್ನು ಬರೆದು ಗೋಡೆಗೆ ಅಂಟಿಸಿ, ಇತರ ಗುಂಪುಗಳ ಅನುಭವದಿಂದ ತಮ್ಮದನ್ನು ತಿದ್ದಿಕೊಳ್ಳುತ್ತಿದ್ದರು. 2003ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಈ ಮಕ್ಕಳು ಪಾಠದ ವಿಷಯದಲ್ಲಿ ಉಳಿದವರಿಗೆ ಸಮನಾಗಿದ್ದರು ಅಥವಾ ಮುಂದಿದ್ದರು. ಒಟ್ಟಾಗಿ ಕೆಲಸ ಮಾಡುವುದು, ಪ್ರಯೋಗ ಯೋಜಿಸುವುದು, ಸಾಕ್ಷ್ಯ ಕೊಟ್ಟು ಮಾತಾಡುವುದರಲ್ಲಿ ಬಹಳ ಮುಂದಿದ್ದರು. ನನ್ನ ವಾದಕ್ಕೆ ಇದರಲ್ಲಿ ಬೇಕಾದದ್ದು ಒಂದು ಸಂಗತಿ. ಕಲಿಕೆ ನಡೆದದ್ದು ಪ್ರಕರಣವನ್ನು ಬರೆಯುವಾಗ ಮತ್ತು ಹಂಚುವಾಗ. ಸಿದ್ಧ ಪ್ರಕರಣಗಳ ಸಿ.ಡಿ.ಯನ್ನು ಶಾಲೆಗೆ ಕಳಿಸಿದ್ದರೆ ಆ ಫಲ ಬರುತ್ತಿತ್ತೆಂದು ನಂಬಲು ಯಾವ ಆಧಾರವೂ ಇಲ್ಲ.

ಹಂಚುವುದರ ಮಾತು ಬಂತು. ಪ್ರಕರಣದಿಂದ ಪಾಠ ಹೇಳುವ ಪದ್ಧತಿಗೆ ಜಗತ್ತಿನಲ್ಲಿ ದೊಡ್ಡ ಹೆಸರು ಹಾರ್ವರ್ಡ್‌ನದು. ಅಲ್ಲಿನ ಕಾನೂನು ಶಾಲೆಯಲ್ಲಿ ಲ್ಯಾಂಗ್‌ಡೆಲ್ 1870ರಿಂದಲೇ ತೀರ್ಪುಗಳನ್ನು ಪಠ್ಯವಾಗಿಸಿದರು, ಮುಂದೆ ವ್ಯವಹಾರ ಶಾಲೆ ಅದನ್ನು ಹಿಡಿಯಿತು. ವ್ಯವಹಾರ ಶಾಲೆಯ ಕೇಸುಗಳನ್ನು ಪ್ರತಿಗೆ ಇಷ್ಟೆಂದು ದುಡ್ಡು ತೆತ್ತು ಕೊಳ್ಳಬೇಕು. ಓದುವವರಿಗೆ ಪದ್ಧತಿ ಉಚಿತ, ಪ್ರಕರಣ ಮಾರಾಟಕ್ಕೆ. ಶ್ರೀಮಂತ ಸಂಸ್ಥೆಗಳಿಗೆ ಅದು ನಡೆದೀತು, ಸರ್ಕಾರಿ ಪ್ರೌಢಶಾಲೆಗೆ ನಡೆಯದು. ಕನ್ನಡದಲ್ಲಿ ಬೇರೆ ದಾರಿ ಹಿಡಿದವರೂ ಇದ್ದಾರೆ. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ತಂದಿತು. ದಶಕಗಳ ವಿದ್ವತ್ತು ಯಾರೂ ಬಳಸಬಹುದಾದ, ತಿದ್ದಿ ಮುಂದುವರಿಸಬಹುದಾದ ಸಾಮಗ್ರಿಯಾಯಿತು. ನಮ್ಮ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ, ಅಂದರೆ ಕೊಯರ್, ಶಿಕ್ಷಕರೇ ಪಾಠ ಬರೆದು ಶಿಕ್ಷಕರೇ ತಿದ್ದುವ ವಿಕಿ. ಪ್ರಕರಣ ಕೋಶಗಳನ್ನು ಇಡಲು ಹೊಸ ಜಾಲತಾಣ ಕಟ್ಟಬೇಕಿಲ್ಲ. ಇಡುವ ಜಾಗ, ಪರವಾನಗಿಯ ಮಾದರಿ ಎರಡೂ ಸಿದ್ಧವಿವೆ. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ (ಐಸಿಟಿ) 2012ರ ರಾಷ್ಟ್ರೀಯ ನೀತಿಯೂ ಶಾಲೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಒಲವು ತೋರಿಸಿದೆ. ಇನ್ನೂ ಆಗದೆ ಉಳಿದಿರುವುದು ಬರೆಯುವ ಕೆಲಸ.

ಶಾಲೆಗೆ ಮುಕ್ತ ತಂತ್ರಾಂಶ ತರುವ ವಿಷಯದಲ್ಲಿ ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ನಮಗಿಂತ ಮುಂದಿದ್ದಾರೆ, ಅದನ್ನು ಒಪ್ಪಿಕೊಳ್ಳುವುದರಲ್ಲಿ ಸಂಕೋಚ ಬೇಡ. ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಅದು ಸಂಪೂರ್ಣವಾಗಿ ಗ್ನು/ಲಿನಕ್ಸ್‌ಗೆ ಹೊರಳಿತು. 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಗಣಕ ಪಾಠವನ್ನು ಹೊರಗಿನ ಬೋಧಕರಿಗೆ ವಹಿಸದೆ ಶಾಲೆಯ ವಿಷಯ ಶಿಕ್ಷಕರಿಗೇ ತರಬೇತಿ ಕೊಟ್ಟರು. ಐಸಿಟಿ ಪಠ್ಯಪುಸ್ತಕಗಳು ಅಲ್ಲಿ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಅಚ್ಚಾಗುತ್ತವೆ. 2024ರಲ್ಲಿ ಏಳನೇ ತರಗತಿಯ ಪುಸ್ತಕಕ್ಕೆ ಕೃತಕ ಬುದ್ಧಿಮತ್ತೆಯ ಪಾಠ ಬಂತು; ಮುಖದ ಭಾವ ಗುರುತಿಸುವ ಪುಟ್ಟ ಕ್ರಮವಿಧಿಯನ್ನು ಮಕ್ಕಳೇ ಮಾಡುವುದು ಅದರ ಚಟುವಟಿಕೆ. ಕರ್ನಾಟಕದಲ್ಲಿ ಶತಮಾನದ ಆರಂಭದ ಶಾಲಾ ಗಣಕ ಯೋಜನೆ ಮಾಹಿತಿ ಸಿಂಧುವಿನಿಂದ ಹಿಡಿದು ಹಲವು ಯೋಜನೆಗಳು ಗುತ್ತಿಗೆಯ ದಾರಿಯಲ್ಲಿ ನಡೆದವು. ಗುತ್ತಿಗೆ ಮುಗಿದ ಮೇಲೆ ಯಂತ್ರ ಶಾಲೆಯಲ್ಲಿ ಉಳಿದರೂ ಅದನ್ನು ನಡೆಸುವ ತಿಳಿವಳಿಕೆ ಉಳಿಯುವುದಿಲ್ಲ. ಮುಖಭಾವದ ಪಾಠದ ಬಗ್ಗೆ ನನ್ನದೊಂದು ಸಣ್ಣ ತಕರಾರಿದೆ. ಆ ಕ್ರಮವಿಧಿ ಒಂದು ಮುಖವನ್ನು ನೋಡಿ ‘ಸಂತೋಷ’ ಎಂದರೆ ಹಾಗೇಕೆ ಎಂದಿತೆಂದು ಏಳನೇ ತರಗತಿಯ ಮಗು ಬಿಚ್ಚಿ ನೋಡಲಾಗದು. ಪ್ರಕರಣದ ವಿಧಾನದಲ್ಲಿ ನೋಡಬಹುದು. ಆದರೂ ತಮ್ಮ ಭಾಷೆಯ ಪುಸ್ತಕ, ತಮ್ಮದೇ ಶಿಕ್ಷಕರು, ಬೀಗವಿಲ್ಲದ ತಂತ್ರಾಂಶ, ಈ ಮೂರೂ ಒಟ್ಟಿಗೆ ಸಿಕ್ಕ ಕನ್ನಡದ ಮಕ್ಕಳು ಸದ್ಯಕ್ಕೆ ಹೆಚ್ಚಾಗಿ ಗಡಿಯಾಚೆಯವರೇ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುವ ಪ್ರಶ್ನೆ: ಮೊಬೈಲಿನಲ್ಲಿ ಕನ್ನಡದಲ್ಲೇ ಕೇಳಿದರೆ ಕನ್ನಡದಲ್ಲೇ ಉತ್ತರಿಸುವ ದೊಡ್ಡ ಭಾಷಾ ಮಾದರಿಗಳು ಬಂದಿರುವಾಗ ನಲವತ್ತು ವರ್ಷದ ಹಳೆಯ ವಿಧಾನ ಯಾಕೆ? ಉತ್ತರ ಬೇಕಾದವರಿಗೆ ಆ ಮಾದರಿಗಳು ಸಾಕಾಗಬಹುದು. ತರಗತಿಗೆ ಬೇಕಾದದ್ದು ಉತ್ತರ ಹುಟ್ಟಿದ ದಾರಿ. ಭಾಷಾ ಮಾದರಿ ಕೊಳೆರೋಗದ ಬಗ್ಗೆ ಸೊಗಸಾದ ವಾಕ್ಯ ಕೊಟ್ಟಾಗ ಅದು ಎಲ್ಲಿಂದ ಬಂತು, ಯಾವ ತೋಟದ ಅನುಭವ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ತಪ್ಪನ್ನೂ ಅದು ಅಷ್ಟೇ ಸೊಗಸಾಗಿ ಹೇಳುತ್ತದೆ. ಪ್ರಕರಣದ ತಂತ್ರಾಂಶ ಹಳೆಯ ಸಾಲನ್ನೇ ಎತ್ತಿ ಮುಂದಿಡುತ್ತದೆ, ಎಷ್ಟು ಹೋಲುತ್ತದೆ ಎಂಬ ಅಂಕಿಯನ್ನೂ ಹೇಳುತ್ತದೆ. ಹೋಲಿಕೆ 0.3 ಎಂದಿದ್ದರೆ ನಂಬಬೇಡ ಎಂದೇ ಅರ್ಥ. ಇನ್ನೊಂದು ಸಂಗತಿ ವ್ಯಾವಹಾರಿಕವಾದದ್ದು: ಇದು ಹಳೆಯ ಗಣಕದಲ್ಲಿ, ಇಂಟರ್ನೆಟ್ ಇಲ್ಲದೆ ನಡೆಯುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಘಟ್ಟದಂಚಿನ ಶಾಲೆಗಳಿಗೆ ಇದು ಸಣ್ಣ ಅನುಕೂಲವಲ್ಲ. ಎರಡನ್ನೂ ಒಂದೇ ಪ್ರಶ್ನೆಗೆ ಹಚ್ಚಿ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವುದಂತೂ ಒಳ್ಳೆಯ ಪಾಠವೇ ಆದೀತು. ಯಾವುದನ್ನೂ ತರಗತಿಯಿಂದ ಹೊರಗಿಡಬೇಕೆಂದು ನಾನು ಹೇಳುತ್ತಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಆಳವಾದದ್ದು, ಅದಕ್ಕೆ ಪೂರ್ತಿ ಉತ್ತರವಿದೆ ಎಂದು ಹೇಳಲಾರೆ. ಹಳೆಯದನ್ನೇ ನೋಡಿ ನಡೆಯುವ ಬುದ್ಧಿ ಹಳೆಯ ತಪ್ಪುಗಳನ್ನೂ ಹೊತ್ತು ನಡೆಯುತ್ತದೆ ಎಂಬುದು ಆ ವಾದ. ನಿಜ. ಕೊಳೆರೋಗದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಕರಡದ ಹುಲ್ಲಿನ ಕೊಟ್ಟೆ ಕಟ್ಟಿ ಕೊನೆಯನ್ನು ಮಳೆಯಿಂದ ಮರೆಮಾಡುವುದು ಈ ಜಿಲ್ಲೆಯ ಹಳೆಯ ಉಪಾಯ. ಅನುಭವದಿಂದ ಬಂದದ್ದು, ಕೆಲಸಕ್ಕೂ ಬರುತ್ತಿತ್ತು. ಆದರೆ ರೋಗಕ್ಕೆ ಕಾರಣ ಶಿಲೀಂಧ್ರವನ್ನು ಹೋಲುವ ಒಂದು ಸೂಕ್ಷ್ಮಜೀವಿ ಎಂಬುದು ಎಷ್ಟು ಪ್ರಕರಣ ಕೂಡಿಸಿದರೂ ಹೊಳೆಯುತ್ತಿರಲಿಲ್ಲ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಲೆಸ್ಲಿ ಕೋಲ್‌ಮನ್ ಸೂಕ್ಷ್ಮದರ್ಶಕದಡಿ ಅದನ್ನು ಅಭ್ಯಸಿಸಿ 1910ರಲ್ಲಿ ಪ್ರಕಟಿಸಿದ ಮೇಲೆ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಮಲೆನಾಡಿನ ತೋಟಗಳಿಗೆ ಕಾಲಿಟ್ಟಿತು. ಕಾರಣದ ಜ್ಞಾನ ಪ್ರಯೋಗಾಲಯದಿಂದ ಬಂತು. ಇನ್ನೊಂದು ಕಡೆಯಿಂದಲೂ ನೋಡಿ: ಇತ್ತೀಚಿನ ವರ್ಷಗಳಲ್ಲಿ ತೋಟಗಳನ್ನು ಬಾಧಿಸುತ್ತಿರುವ ಎಲೆಚುಕ್ಕೆ ರೋಗ ಇಪ್ಪತ್ತು ವರ್ಷದ ಹಿಂದಿನ ಕೋಶದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಆದ್ದರಿಂದ ಪ್ರಕರಣ ಪಾಠವನ್ನು ಜೀವಶಾಸ್ತ್ರದ ಪಾಠಕ್ಕೆ ಬದಲಾಗಿ ಇಡಬಾರದು, ಜೊತೆಯಲ್ಲಿ ಇಡಬೇಕು. ನಾಲ್ಕು ಹೆಜ್ಜೆಗಳಲ್ಲಿ ಮೂರನೆಯದಾದ ತಿದ್ದುವ ಹೆಜ್ಜೆಯೇ ಶಿಕ್ಷಕರ ಕೈಯಲ್ಲಿರುವ ಆಯುಧ. ಹಳೆಯ ಪರಿಹಾರ ಈಗ ಯಾಕೆ ಹೊಂದುವುದಿಲ್ಲ ಎಂದು ಬರೆಯಲು ಗೊತ್ತಿಲ್ಲದ ವಿದ್ಯಾರ್ಥಿಗೆ ಅಂಕ ಕೊಡಬೇಕಿಲ್ಲ. ಈ ಮಾತು ನಾವು ಪದೇ ಪದೇ ಬೈಯುವ ಬಾಯಿಪಾಠಕ್ಕೂ ಅನ್ವಯಿಸುತ್ತದೆ: ಪ್ರಕರಣವನ್ನೂ ಉರು ಹೊಡೆಯಬಹುದು, ತಿದ್ದುವುದನ್ನು ಉರು ಹೊಡೆಯಲಾಗದು.

ಶಿಕ್ಷಕರ ಕಡೆಯಿಂದ ಬರುವ ಆಕ್ಷೇಪ ನ್ಯಾಯವಾದದ್ದು. ಪುಕ್ಕಟೆ ಸಿಕ್ಕಿದ್ದನ್ನು ನೋಡಿಕೊಳ್ಳುವವರು ಯಾರು? ವಿಶ್ವವಿದ್ಯಾಲಯಗಳು ಕಟ್ಟಿದ ತಂತ್ರಾಂಶಗಳಿಗೆ ಸಂಶೋಧನಾ ಅನುದಾನ ಮುಗಿದ ಮೇಲೆ ಉಸಿರು ಕಟ್ಟುವುದುಂಟು. ಜಾವಾದ ಹೊಸ ಆವೃತ್ತಿ ಬಂದಾಗ ಹಳೆಯದು ತೆರೆದುಕೊಳ್ಳದೆ ಮುಷ್ಕರ ಹೂಡುವುದೂ ಉಂಟು. ಮುಕ್ತ ತಂತ್ರಾಂಶದ ಅಭಿಮಾನಿಗಳು ಇದನ್ನು ಮುಚ್ಚಿಡುತ್ತಾರೆ, ಮುಚ್ಚಿಡಬಾರದು. ಅದಕ್ಕೆಂದೇ ನನ್ನ ಸಲಹೆ, ಯಾವ ಒಂದು ತಂತ್ರಾಂಶಕ್ಕೂ ಕೊರಳು ಕಟ್ಟಿಕೊಳ್ಳಬೇಡಿ. ಪ್ರಕರಣಗಳನ್ನು ಸಾದಾ ಕೋಷ್ಟಕವಾಗಿ, ಯೂನಿಕೋಡ್ ಕನ್ನಡದಲ್ಲಿ, ಯಾವ ಗಣಕದಲ್ಲೂ ತೆರೆಯುವ ಪಠ್ಯ ಕಡತವಾಗಿ ಇಡಿ. ಮೇಲೆ ಬಿಡಿಸಿದ ಲೆಕ್ಕವನ್ನು ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲೇ ಮಾಡಬಹುದು, ಕಪ್ಪುಹಲಗೆಯ ಮೇಲೂ ಮಾಡಬಹುದು. ಜೆಕೊಲಿಬ್ರಿಯಾಗಲಿ ಮೈಸಿಬಿಆರ್ ಆಗಲಿ ಆಮೇಲೆ ಬರಲಿ. ಅವು ಹೋದರೂ ಕೋಶ ಉಳಿಯಲಿ. ಭಾಷೆಯ ಕಡೆ ಒಂದು ಎಚ್ಚರಿಕೆ ಬೇಕು. ಕನ್ನಡದ ಪದಕ್ಕೆ ವಿಭಕ್ತಿ ಸೇರಿದರೆ ಗಣಕಕ್ಕೆ ಅದು ಬೇರೆಯೇ ಪದ. ಹವ್ಯಕರ ಮನೆಯಲ್ಲಿ, ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ, ಕೊಂಕಣಿ ಅಥವಾ ನವಾಯತಿ ಆಡುವ ಓಣಿಯಲ್ಲಿ ಒಂದೇ ಲಕ್ಷಣಕ್ಕೆ ಬೇರೆ ಬೇರೆ ಹೆಸರು. ಪ್ರತಿ ಲಕ್ಷಣಕ್ಕೂ ಒಪ್ಪಿತವಾದ ಪದಗಳ ಪಟ್ಟಿಯೊಂದನ್ನು ತರಗತಿಯೇ ಮೊದಲು ಕೂತು ಮಾಡಬೇಕು, ಮನೆಮಾತಿನ ಪದಗಳನ್ನು ಪಕ್ಕದ ಅಂಕಣದಲ್ಲಿ ಬರೆಯಬೇಕು. ಬೇಸರದ ಕೆಲಸ. ಆದರೆ ಅದನ್ನು ಈ ಕರಾವಳಿಯ ಮಕ್ಕಳಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು.

ಗೋಪ್ಯತೆಯ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹೊನ್ನಾವರ, ಸಿದ್ದಾಪುರದ ಕಾಡಂಚಿನ ಊರುಗಳನ್ನೂ ಕಾಡಿದೆ. ಅದನ್ನೇ ಪ್ರಕರಣ ಪಾಠಕ್ಕೆ ತೆಗೆದುಕೊಳ್ಳೋಣ ಎಂದು ಉತ್ಸಾಹಿ ಶಿಕ್ಷಕರಿಗೆ ಅನ್ನಿಸಬಹುದು. ಬೇಡ. ಊರು ಸಣ್ಣದು, ಹೆಸರು ಅಳಿಸಿದರೂ ಮನೆ ಗೊತ್ತಾಗುತ್ತದೆ. ಮನುಷ್ಯರ ಕಾಯಿಲೆ, ಸಾಲ, ಜಗಳಗಳನ್ನು ಶಾಲೆಯ ಕೋಶದಿಂದ ದೂರವಿಡಿ. ಬೆಳೆ, ನೀರು, ದೋಣಿಯ ಇಂಜಿನ್, ಬಲೆ, ಮಣ್ಣು ಇರುವಾಗ ವಿಷಯಕ್ಕೆ ಬರವಿಲ್ಲ. ಕುಮಟಾದ ಮಾಣಿಕಟ್ಟಾದ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಉಪ್ಪುನೀರನ್ನೂ ತಾಳುವ ಕಗ್ಗ ಭತ್ತ ಯಾವ ವರ್ಷ ನಿಂತಿತು, ಯಾವ ವರ್ಷ ಕಟ್ಟು ಒಡೆದು ಹೋಯಿತು ಎಂಬುದೊಂದೇ ಒಂದು ಒಳ್ಳೆಯ ಕೋಶಕ್ಕೆ ಸಾಕು. ಹಾಗೆಯೇ, ಮಕ್ಕಳು ಕಟ್ಟಿದ ಕೋಶ ಪಾಠದ ಸಾಮಗ್ರಿಯೇ ಹೊರತು ರೈತರಿಗೆ ಕೊಡುವ ಸಲಹೆಯಲ್ಲ ಎಂದು ಅದರ ಮೊದಲ ಸಾಲಿನಲ್ಲೇ ಬರೆದಿರಬೇಕು. ಸಲಹೆಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಿದೆ, ನಮ್ಮ ತೋಟಗಾರಿಕೆ ಇಲಾಖೆಯಿದೆ. ತರಗತಿಯ ತೀರ್ಮಾನವನ್ನು ಅವರ ಮುಂದಿಟ್ಟು ಸರಿತಪ್ಪು ಕೇಳುವುದು ಪಾಠದ ಕೊನೆಯ ಭಾಗವಾಗಲಿ.

ಇಲ್ಲಿ ಸೇರಿರುವ ಶಿಕ್ಷಕರಲ್ಲಿ ನನ್ನ ಕೇಳಿಕೆ ದೊಡ್ಡದಲ್ಲ. ಮೂರು ತಾಲ್ಲೂಕಿನಿಂದ ಮೂರು ಶಾಲೆ ಮುಂದೆ ಬರಲಿ. ಒಂದೊಂದು ಶಾಲೆ ಒಂದೇ ವಿಷಯ ಆರಿಸಿಕೊಳ್ಳಲಿ: ಒಬ್ಬರು ಅಡಿಕೆ, ಒಬ್ಬರು ಗಜನಿಯ ಭತ್ತ, ಒಬ್ಬರು ದೋಣಿಯ ಇಂಜಿನ್. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಇಂಜಿನ್ ಬಿಚ್ಚಿ ಕೂತವರನ್ನು ಮಾತಾಡಿಸಲು ಆ ಎರಡು ತಿಂಗಳೇ ಸರಿಯಾದ ಕಾಲ. ಅಡಿಕೆಗೆ ಮೊದಲ ಸಿಂಪಡಣೆಯ ಹೊತ್ತಿನಿಂದಲೇ ಬರೆಯತೊಡಗಬೇಕು. ಇಪ್ಪತ್ತು ಪ್ರಕರಣ ಸಾಕು, ಅದರಲ್ಲಿ ಐದಾದರೂ ಸೋತವು ಇರಲಿ. ಬರೆದದ್ದನ್ನು ಮಕ್ಕಳ ಶಾಲೆಯ ಹೆಸರಿನಲ್ಲಿ, ಹಂಚಲು ಮತ್ತು ತಿದ್ದಲು ಅನುಮತಿಯಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಳಿದೆರಡು ಶಾಲೆಗಳಿಗೆ ಕೊಡಿ, ಅವರದ್ದನ್ನು ನೀವು ತೆಗೆದುಕೊಂಡು ತಪ್ಪು ಹುಡುಕಿ. ದತ್ತಿಯ ಹಿರಿಯರಲ್ಲಿ ಒಂದು ವಿನಂತಿ: ಮುಂದಿನ ವರ್ಷದ ಉಪನ್ಯಾಸಕ್ಕೆ ಹೊರಗಿನವರನ್ನು ಕರೆಯುವ ಬದಲು ಆ ಮೂರು ಶಾಲೆಗಳ ಮಕ್ಕಳನ್ನು ಅವರ ಕೋಷ್ಟಕಗಳ ಸಮೇತ ಈ ವೇದಿಕೆಗೆ ಕರೆಯಿರಿ.